ಕ್ರೋನೋಗ್ರಾಫ್ ಬೆಳಿಗ್ಗೆ 176, ಸಂಜೆ 168 ತೋರಿಸಿದರೆ ಯಾವುದನ್ನು ನಂಬಬೇಕು?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಕಾಲೇಜಿನಲ್ಲಿ ಓದುತ್ತಿರುವ ಮಗಳು 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದಾಳೆ. ಅವಳದು ಸಿಲಿಂಡರಿನಲ್ಲಿ ಗಾಳಿ ತುಂಬಿಸುವ ರೈಫಲ್, ಅದರಲ್ಲಿ ಹಾರಿಸುವುದು ಪೆಲೆಟ್ ಎಂಬ ಸೀಸದ ಸಣ್ಣ ಗುಂಡು. ಪೆಲೆಟ್‌ನ ತೂಕ 0.53 ಗ್ರಾಂ. ಅಮೆರಿಕದಲ್ಲಿರುವ ನನ್ನ ತಮ್ಮ ತನ್ನ ರೈಫಲಿನ ಕಾಡತೂಸುಗಳನ್ನು ತಾನೇ ತುಂಬಿಕೊಳ್ಳುತ್ತಾನೆ, ಅವುಗಳ ವೇಗವನ್ನು ಕ್ರೋನೋಗ್ರಾಫಿನಲ್ಲಿ ಅಳೆಯುತ್ತಾನೆ. ಅವನ ಮಾತಿನಂತೆ ನಾನೂ ಎರಡು ಬೆಳಕಿನ ಸೆನ್ಸರ್‌ಗಳಿರುವ ಸಾದಾ ಕ್ರೋನೋಗ್ರಾಫ್ ತರಿಸಿದೆ. ಬೆಳಿಗ್ಗೆ ಅಂಗಳದ ಚಪ್ಪರದಡಿ, ನಳಿಗೆಯ ಬಾಯಿಯಿಂದ ಒಂದು ಮೀಟರ್ ದೂರದಲ್ಲಿಟ್ಟು ಐದು ಸುತ್ತು ಹಾರಿಸಿದಾಗ ಸರಾಸರಿ ಸೆಕೆಂಡಿಗೆ 176 ಮೀಟರ್ ಬಂತು. ನಡುವೆ ಒಮ್ಮೆ 240 ಎಂದು ತೋರಿಸಿತು, ಅದನ್ನು ಬಿಟ್ಟೆ. ಸಂಜೆ ಚಪ್ಪರದ ಹೊರಗೆ, ಮೂರು ಮೀಟರ್ ದೂರದಲ್ಲಿಟ್ಟಾಗ 168 ಬಂತು. ಎರಡು ಸಲವೂ ರೈಫಲನ್ನು ಮರಳುಚೀಲದ ಮೇಲೆ ಊರಿ ಹಾರಿಸಿದ್ದು. ಗುರಿಕಾಗದದಲ್ಲಿ ತೂತುಗಳು ಒಂದೇ ಎತ್ತರದಲ್ಲಿ ಬಿದ್ದಿವೆ. ಯಾವ ಅಂಕಿ ಸರಿ? ಐದು ಸುತ್ತು ಸಾಕೆ? ಪೆಲೆಟ್‌ಗಳನ್ನು ತೂಗಿ ವಿಂಗಡಿಸಬೇಕೆ? ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯೂ ನನ್ನಲ್ಲಿದೆ; ಅದಕ್ಕೆ ತಮ್ಮನಂತೆ ನಾನೇ ಕಾಡತೂಸು ತುಂಬಿ ವೇಗ ನೋಡಬಹುದೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ತುಂಬಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸುವುದಕ್ಕೆ ಪ್ರತ್ಯೇಕ ಪರವಾನಗಿ ಬೇಕು; ಮದ್ದುಗುಂಡಿನ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳು ಕೂಡ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡು ಎಂದೇ ಪರಿಗಣಿತವಾಗಿವೆ. ಕೋವಿ ಇಟ್ಟುಕೊಳ್ಳಲು ನಿಮಗೆ ಕೊಟ್ಟಿರುವ ಪರವಾನಗಿ ತಯಾರಿಕೆಯ ಪರವಾನಗಿಯಾಗುವುದಿಲ್ಲ. ತಮ್ಮನವರು ಇರುವ ದೇಶದ ಕಾನೂನು ಬೇರೆ, ಅವರ ಹವ್ಯಾಸ ಅಲ್ಲಿಗೆ ಸರಿ. ಆದರೆ ಅವರು ವೇಗ ಅಳೆಯುವ ಶಿಸ್ತು ಮಾತ್ರ ಯಾವ ಗಡಿಯನ್ನೂ ಮೀರದೆ ನಿಮ್ಮ ಅಂಗಳಕ್ಕೆ ಬರಬಹುದು. ಮಗಳ ಏರ್ ರೈಫಲಿಗೆ ಅದು ನಿಜವಾಗಿಯೂ ಉಪಯುಕ್ತ.

ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ವೇಗದ ಅಂಕಿಗಳಲ್ಲ, ತೂತುಗಳು ಒಂದೇ ಎತ್ತರದಲ್ಲಿ ಬಿದ್ದಿವೆ ಎಂಬ ಮಾತು. ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ಕ್ರಮಿಸಲು ಸುಮಾರು 0.06 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಗುರುತ್ವದಿಂದ ಅದು ಸುಮಾರು 18 ಮಿಲಿಮೀಟರ್ ಕೆಳಗಿಳಿದಿರುತ್ತದೆ. ವೇಗ ಸೆಕೆಂಡಿಗೆ ಒಂದು ಮೀಟರ್ ಕಡಿಮೆಯಾದರೆ ಈ ಇಳಿತ ಸುಮಾರು 0.2 ಮಿ.ಮೀ. ಹೆಚ್ಚುತ್ತದೆ. ಹಾಗಾಗಿ ರೈಫಲಿನ ವೇಗವೇ 176ರಿಂದ 168ಕ್ಕೆ ಇಳಿದಿದ್ದರೆ ಸಂಜೆಯ ತೂತುಗಳ ಗುಂಪು ಬೆಳಗಿನದಕ್ಕಿಂತ ಸುಮಾರು 1.7 ಮಿ.ಮೀ. ಕೆಳಗೆ ಬೀಳಬೇಕಿತ್ತು. 10 ಮೀಟರ್ ಏರ್ ರೈಫಲಿನ ಗುರಿಕಾಗದದಲ್ಲಿ ಒಂದು ವೃತ್ತಕ್ಕೂ ಮುಂದಿನ ವೃತ್ತಕ್ಕೂ ಇರುವ ಅಂತರ 2.5 ಮಿ.ಮೀ.; ಎಂದರೆ ಗುಂಪಿನ ಮಧ್ಯಬಿಂದು ವೃತ್ತದ ಮೂರನೇ ಎರಡು ಪಾಲಿನಷ್ಟು ಸರಿಯಬೇಕಿತ್ತು. ಮರಳುಚೀಲದ ಮೇಲೆ ಊರಿ ಹಾರಿಸಿದಾಗ ಅದು ಕಣ್ಣಿಗೆ ಬೀಳದೆ ಹೋಗುವಷ್ಟು ಸಣ್ಣದಲ್ಲ. ಆದ್ದರಿಂದ ರೈಫಲ್ ಬದಲಾಗಿಲ್ಲ, ಅಳತೆ ಬದಲಾಗಿದೆ. ಕ್ರೋನೋಗ್ರಾಫ್ ಇಟ್ಟುಕೊಂಡವರೆಲ್ಲರೂ ಗುರಿಕಾಗದವನ್ನು ಅದರ ಪಕ್ಕದಲ್ಲೇ ಇಟ್ಟುಕೊಂಡು ಓದಬೇಕೆಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಹಾಗಾದರೆ ಆ ಎಂಟು ಮೀಟರ್ ಎಲ್ಲಿಂದ ಬಂತು? ಉಪಕರಣ ನಿಜವಾಗಿ ಮಾಡುವ ಕೆಲಸವನ್ನು ನೋಡಿದರೆ ಗೊತ್ತಾಗುತ್ತದೆ. ಅದು ವೇಗವನ್ನು ಅಳೆಯುವುದಿಲ್ಲ, ಕಾಲವನ್ನು ಅಳೆಯುತ್ತದೆ. ಮೊದಲ ಸೆನ್ಸರಿನ ಮೇಲೆ ಪೆಲೆಟ್‌ನ ನೆರಳು ಹಾದಾಗ ಗಡಿಯಾರ ಶುರುವಾಗುತ್ತದೆ, ಎರಡನೆಯದರ ಮೇಲೆ ಹಾದಾಗ ನಿಲ್ಲುತ್ತದೆ. ಸೆನ್ಸರ್‌ಗಳ ನಡುವಿನ ದೂರವನ್ನು ಆ ಕಾಲದಿಂದ ಭಾಗಿಸಿ ಅಂಕಿ ತೋರಿಸುತ್ತದೆ. ನಡುವಿನ ದೂರ ಒಂದು ಅಡಿ, ಎಂದರೆ 304.8 ಮಿ.ಮೀ. ಇದ್ದರೆ, 175 ಮೀ/ಸೆ ವೇಗದ ಪೆಲೆಟ್ ಅದನ್ನು ದಾಟಲು ಬೇಕಾಗುವ ಕಾಲ ಸುಮಾರು 1.74 ಮಿಲಿಸೆಕೆಂಡ್. ಒಳಗಿರುವ ಕ್ವಾರ್ಟ್ಸ್ ಗಡಿಯಾರಕ್ಕೆ ಇದು ಕಷ್ಟದ ಕೆಲಸವೇನಲ್ಲ, ಅದು ತಪ್ಪುವುದು ತೀರ ಅಪರೂಪ. ತಪ್ಪುವುದು ಶುರುವಾಗುವ ಕ್ಷಣ ಮತ್ತು ನಿಲ್ಲುವ ಕ್ಷಣ. ಪೆಲೆಟ್ ಐದಾರು ಮಿ.ಮೀ. ಉದ್ದವಿರುತ್ತದೆ, ಮೊದಲ ಸೆನ್ಸರ್ ಅದರ ಮೂತಿಯನ್ನು ಕಂಡು ಎಚ್ಚರವಾಗಿ, ಎರಡನೆಯದು ಬೆಳಕು ಸಾಲದೆ ಬಾಲದ ಕಡೆಯನ್ನು ಕಂಡಾಗ ಎಚ್ಚರವಾಯಿತು ಎಂದುಕೊಳ್ಳಿ. ನಾಲ್ಕು ಮಿ.ಮೀ. ವ್ಯತ್ಯಾಸವಾದರೆ ಅದು ಒಂದು ಅಡಿಯಲ್ಲಿ ಶೇಕಡಾ 1.3, ಅಂಕಿಯಲ್ಲಿ ಸುಮಾರು 2.3 ಮೀ/ಸೆ. ಯಂತ್ರ ಕೆಟ್ಟಿಲ್ಲ, ಪೆಲೆಟ್ ನಿಧಾನವಾಗಿಲ್ಲ, ಆದರೂ ಅಂಕಿ ಕೆಳಗಿಳಿಯಿತು.

ನಿಮ್ಮ ಲೆಕ್ಕದಲ್ಲಿ ದೊಡ್ಡ ಪಾಲು ದೂರದ್ದು. 10 ಮೀಟರ್ ಸ್ಪರ್ಧೆಯ ಪೆಲೆಟ್‌ನ ಮೂತಿ ಚಪ್ಪಟೆಯಾಗಿರುತ್ತದೆ, ಏಕೆಂದರೆ ಕಾಗದದಲ್ಲಿ ಅಂಚು ಚೊಕ್ಕವಾಗಿರುವ ದುಂಡನೆಯ ತೂತು ಬೀಳಬೇಕು. ಆ ಚಪ್ಪಟೆ ಮೂತಿಗೆ ಗಾಳಿಯ ತಡೆ ಹೆಚ್ಚು. ನಳಿಗೆಯಿಂದ ಹೊರಬಿದ್ದ ಮೇಲೆ ಪ್ರತಿ ಮೀಟರಿಗೆ ಸುಮಾರು ಎರಡು ಮೀ/ಸೆ, ಕೆಲವು ಪೆಲೆಟ್‌ಗಳಲ್ಲಿ ಅದಕ್ಕಿಂತ ತುಸು ಹೆಚ್ಚೇ, ವೇಗ ಕಳೆದುಹೋಗುತ್ತದೆ. ಬೆಳಿಗ್ಗೆ ಒಂದು ಮೀಟರಿನಲ್ಲಿ ಅಳೆದದ್ದನ್ನು ಸಂಜೆ ಮೂರು ಮೀಟರಿನಲ್ಲಿ ಅಳೆದಿರಿ. ನಾಲ್ಕರಿಂದ ಐದು ಮೀ/ಸೆ ಅಲ್ಲಿಗೇ ಹೋಯಿತು. ಇದು ದೋಷವಲ್ಲ, ಸತ್ಯವಾದ ಅಳತೆಯೇ. ಎರಡು ಬೇರೆ ಜಾಗಗಳ ವೇಗವನ್ನು ಒಂದೇ ಎಂದು ಹೋಲಿಸಿದ್ದಷ್ಟೇ ತೊಡಕು. ತಮ್ಮನವರು ಬಹುಶಃ ಮೂರರಿಂದ ನಾಲ್ಕೂವರೆ ಮೀಟರ್ ದೂರದಲ್ಲಿಡಲು ಹೇಳಿರುತ್ತಾರೆ. ಅದು ಮದ್ದಿನ ರೈಫಲಿಗೆ ಹೇಳಿದ ಮಾತು: ಅಲ್ಲಿ ನಳಿಗೆಯಿಂದ ನುಗ್ಗುವ ಬಿಸಿ ಅನಿಲ ಮತ್ತು ಉರಿಯದೆ ಉಳಿದ ಮದ್ದಿನ ಕಣಗಳು ಸೆನ್ಸರನ್ನು ಮೊದಲೇ ಎಚ್ಚರಿಸಿಬಿಡಬಹುದು, ಒತ್ತಡದ ಅಲೆ ಉಪಕರಣವನ್ನೇ ಅಲುಗಾಡಿಸಬಹುದು. ಏರ್ ರೈಫಲಿಗೆ ಅಷ್ಟು ದೂರ ಬೇಕಿಲ್ಲ. ನಳಿಗೆಯ ಬಾಯಿಯಿಂದ ಮೊದಲ ಸೆನ್ಸರಿಗೆ ಒಂದು ಮೀಟರ್ ಅಳತೆಯ ಹಗ್ಗ ಕಟ್ಟಿಟ್ಟುಕೊಂಡು, ಪ್ರತಿ ಬಾರಿಯೂ ಅದೇ ದೂರದಲ್ಲಿಡಿ, ಮತ್ತು ಪುಸ್ತಕದಲ್ಲಿ ವೇಗದ ಪಕ್ಕದಲ್ಲಿ ದೂರವನ್ನೂ ಬರೆಯಿರಿ.

ಎರಡನೆಯ ಪಾಲು ಬೆಳಕಿನದು, ಮತ್ತು ನಮ್ಮ ಕಡೆಯ ಅಂಗಳಗಳಲ್ಲಿ ಇದರ ತೊಂದರೆ ವಿಶೇಷವಾಗಿ ಹೆಚ್ಚು. ಅಡಿಕೆ ದಬ್ಬೆಯ ಮೇಲೆ ಸೋಗೆ ಹೊದಿಸಿದ ಚಪ್ಪರದಡಿ ನಿಂತು ನೆಲ ನೋಡಿ: ಸೋಗೆಯ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಗಾಳಿ ಬೀಸಿದಾಗಲೆಲ್ಲ ಅತ್ತಿತ್ತ ಓಡುತ್ತಿರುತ್ತವೆ. ಸೆನ್ಸರ್ ಕಾಯುವುದು ಬೆಳಕಿನಲ್ಲಾಗುವ ಕ್ಷಣಿಕ ಇಳಿತವನ್ನು. ಒಂದು ಸೆನ್ಸರ್ ಬಿಸಿಲ ಚುಕ್ಕೆಯಲ್ಲೂ ಇನ್ನೊಂದು ನೆರಳಿನಲ್ಲೂ ಇದ್ದರೆ ಅವು ಪೆಲೆಟ್‌ನ ಬೇರೆ ಬೇರೆ ಭಾಗಕ್ಕೆ ಎಚ್ಚರವಾಗುತ್ತವೆ. ಎರಡನೆಯ ಸೆನ್ಸರಿನ ಮೇಲೆ ಅದೇ ಕ್ಷಣಕ್ಕೆ ಒಂದು ನೊಣವೋ ಸೋಗೆಯ ನೆರಳೋ ಸರಿದರೆ ಗಡಿಯಾರ ಬೇಗ ನಿಂತು 240 ಎಂಬ ಅಂಕಿ ಬರುತ್ತದೆ. ಆ ಅಂಕಿಯನ್ನು ನೀವು ಕೈಬಿಟ್ಟದ್ದು ಸರಿ, ಆದರೆ ಅದು ಬಂದ ಸರಣಿಯ ಉಳಿದ ಅಂಕಿಗಳ ಮೇಲೂ ಸಂಶಯವಿಡಬೇಕಿತ್ತು. ಎದ್ದು ಕಾಣುವ ತಪ್ಪನ್ನು ಮಾಡಿದ ಬೆಳಕೇ ಎದ್ದು ಕಾಣದ ಎರಡು ಮೂರು ಮೀಟರಿನ ತಪ್ಪನ್ನೂ ಮಾಡಿರುತ್ತದೆ.

ಸಂಜೆಯ ಬಿಸಿಲಿನ ತೊಂದರೆ ಬೇರೆ. ಸೂರ್ಯ ಪಶ್ಚಿಮಕ್ಕೆ ವಾಲಿದಾಗ ಕಿರಣಗಳು ಓರೆಯಾಗಿ ಬಂದು ಪೆಲೆಟ್‌ನ ಕೆಳಮೈಯನ್ನೂ ಬೆಳಗುತ್ತವೆ. ಸೆನ್ಸರಿಗೆ ಕಪ್ಪಾಗಿ ಕಾಣಬೇಕಿದ್ದ ಹೊಸ ಸೀಸ ಹೊಳೆಯುತ್ತದೆ. ಬೆಳ್ಳನೆಯ ಆಕಾಶದ ಎದುರು ಕಪ್ಪು ನೆರಳು ಹಾಯಬೇಕು, ಇದೊಂದೇ ಈ ಉಪಕರಣದ ಬೇಡಿಕೆ. ಆ ಲೆಕ್ಕದಲ್ಲಿ ಕರಾವಳಿಯ ಮತ್ತು ಘಟ್ಟದ ಮಳೆಗಾಲದ ಮೋಡ ಮುಸುಕಿದ ಹಗಲು, ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ, ಅಳತೆಗೆ ಅತ್ಯುತ್ತಮ: ಇಡೀ ಆಕಾಶ ಒಂದೇ ಸಮನಾದ ಬಿಳಿ ಪರದೆಯಾಗಿರುತ್ತದೆ. ಬಿಸಿಲಿನ ದಿನಗಳಲ್ಲಿ ಆ ಪರದೆಯನ್ನು ನಾವೇ ಕಟ್ಟಬೇಕು. ಉಪಕರಣದ ಜೊತೆ ಬರುವ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಹಾಕಿ. ಅದೂ ಸಾಲದಿದ್ದರೆ ಎರಡು ಸೆನ್ಸರ್‌ಗಳ ಮೇಲೂ ಒಟ್ಟಾಗಿ ನೆರಳು ಬೀಳುವಂತೆ, ನಾಲ್ಕು ದಬ್ಬೆ ನೆಟ್ಟು ಬಿಳಿ ಪಂಚೆಯನ್ನು ಬಿಗಿಯಾಗಿ ಎಳೆದು ಕಟ್ಟಿ. ಪಂಚೆ ಸಡಿಲವಾಗಿದ್ದು ಗಾಳಿಗೆ ಅಲುಗಿದರೆ ಚಪ್ಪರದ ತೊಂದರೆಯೇ ಮತ್ತೆ ಬರುತ್ತದೆ. ರಾತ್ರಿ ಜಗಲಿಯಲ್ಲಿ ಟ್ಯೂಬ್‌ಲೈಟಿನಡಿ ಅಳೆಯುವ ಆಸೆ ಬೇಡ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ಹಳೆಯ ಚೋಕ್‌ನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅಗ್ಗದ ಎಲ್ಇಡಿ ದೀಪಗಳಲ್ಲೂ ಅದೇ ಮಿನುಗು ಇರುತ್ತದೆ. ಕಣ್ಣಿಗೆ ಕಾಣದಿದ್ದರೂ ಸೆನ್ಸರಿಗೆ ಕಾಣುತ್ತದೆ. ಒಳಗೆ ಅಳೆಯಲೇಬೇಕಾದರೆ ಹಳೆಯ ತಂತಿಯ ಬಲ್ಬುಗಳು, ಇಲ್ಲವೇ ಉಪಕರಣಕ್ಕೆಂದೇ ತಯಾರಾದ ಅವಕೆಂಪು (ಇನ್‌ಫ್ರಾರೆಡ್) ದೀಪಗಳು ಬೇಕು.

ಉಳಿದದ್ದು ಓರೆ. ಪೆಲೆಟ್ ಎರಡು ಸೆನ್ಸರ್‌ಗಳ ರೇಖೆಗೆ ಸಮಾನಾಂತರವಾಗಿ ಹೋಗದೆ ಐದು ಡಿಗ್ರಿ ಓರೆಯಾಗಿ ಹೋದರೆ ಅದು ಕ್ರಮಿಸುವ ದಾರಿ ತುಸು ಉದ್ದವಾಗಿ, ಅಂಕಿ ಶೇಕಡಾ 0.4ರಷ್ಟು, ಎಂದರೆ ಸುಮಾರು 0.7 ಮೀ/ಸೆ ಕಡಿಮೆ ಬರುತ್ತದೆ. ಹತ್ತು ಡಿಗ್ರಿಯಾದರೆ ಶೇಕಡಾ 1.5. ನಿಮ್ಮ ಎಂಟು ಮೀಟರಿಗೆ ದೂರದ ನಾಲ್ಕೂವರೆ, ಬೆಳಕಿನ ಎರಡು ಚಿಲ್ಲರೆ, ಓರೆಯ ಮುಕ್ಕಾಲು ಸೇರಿಸಿದರೆ ಹೆಚ್ಚು ಕಡಿಮೆ ಲೆಕ್ಕ ತೀರುತ್ತದೆ. ಇವುಗಳಲ್ಲಿ ದೂರದ ಪಾಲು ಖಂಡಿತ, ಉಳಿದೆರಡು ನನ್ನ ಊಹೆ. ಎರಡನ್ನೂ ನೀವೇ ಪರೀಕ್ಷಿಸಬಹುದು. ಒಂದೇ ದೂರದಲ್ಲಿಟ್ಟು ಸೆನ್ಸರಿನಿಂದ ಎಂಟು ಸೆಂಟಿಮೀಟರ್ ಎತ್ತರದಲ್ಲಿ ಒಂದು ಸರಣಿ, ಹದಿನೈದು ಸೆಂಟಿಮೀಟರ್ ಎತ್ತರದಲ್ಲಿ ಇನ್ನೊಂದು ಸರಣಿ ಹಾರಿಸಿ. ಎರಡರ ಸರಾಸರಿ ಪ್ರತಿ ಬಾರಿಯೂ ಒಂದೇ ದಿಕ್ಕಿನಲ್ಲಿ ಬೇರೆಯಾಗಿ ಬಂದರೆ, ಎರಡು ಸೆನ್ಸರ್‌ಗಳ ದೃಷ್ಟಿ ಒಂದಕ್ಕೊಂದು ಸಮಾನಾಂತರವಾಗಿಲ್ಲವೆಂದು ಅರ್ಥ; ಆಗ ಪೆಲೆಟ್ ಯಾವಾಗಲೂ ಒಂದೇ ಎತ್ತರದಲ್ಲಿ ಹಾಯುವಂತೆ, ಬಿಳಿ ತಟ್ಟೆಗಳನ್ನು ಹಿಡಿದಿರುವ ಕಂಬಿಗಳಿಗೆ ಅಡ್ಡಲಾಗಿ ಒಂದು ದಾರ ಕಟ್ಟಿ ಅದನ್ನೇ ಗುರುತಾಗಿಟ್ಟುಕೊಳ್ಳಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗುರಿ ನೋಡುವ ಕಿಂಡಿ ನಳಿಗೆಗಿಂತ ಕೆಲವು ಸೆಂಟಿಮೀಟರ್ ಮೇಲಿರುತ್ತದೆ, ಆದ್ದರಿಂದ ಕಿಂಡಿಯಲ್ಲಿ ದಾರಿ ಖಾಲಿಯಾಗಿ ಕಂಡರೂ ಪೆಲೆಟ್ ಕೆಳಗಿನಿಂದ ಹೋಗಿ ಉಪಕರಣದ ಚೌಕಟ್ಟಿಗೇ ಬಡಿಯಬಹುದು. ಹಾರಿಸುವ ಮುನ್ನ ಪಕ್ಕದಿಂದ ಕುಳಿತು ನಳಿಗೆಯ ರೇಖೆಯನ್ನು ಕಣ್ಣಳತೆಯಲ್ಲಿ ನೋಡಿ. ಸೀಸ ಚೌಕಟ್ಟಿಗೆ ತಾಗಿದರೆ ಎತ್ತ ಸಿಡಿಯುತ್ತದೆಂದು ಹೇಳಲಾಗದು. ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳುವವರೂ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡಿರಬೇಕು.

ಕ್ರೋನೋಗ್ರಾಫನ್ನೇ ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆಗೆ ಸುಲಭದ ಉತ್ತರ, ಇನ್ನೊಂದು ಕ್ರೋನೋಗ್ರಾಫನ್ನು ಅದರ ಹಿಂದೆಯೇ ಇಟ್ಟು ಒಂದೇ ಪೆಲೆಟನ್ನು ಎರಡರ ಮೇಲೂ ಹಾಯಿಸುವುದು. ಹಳ್ಳಿಯ ಮನೆಯಲ್ಲಿ ಎರಡನೆಯದು ಎಲ್ಲಿಂದ ಬರಬೇಕು? ಆದರೆ 1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ವಿವರಿಸಿದ ವಿಧಾನ ಇಂದಿಗೂ ಕೆಲಸಕ್ಕೆ ಬರುತ್ತದೆ: ಗುಂಡನ್ನು ತೂಗಾಡುವ ದಿಮ್ಮಿಯೊಳಕ್ಕೆ ಹಾರಿಸಿ, ದಿಮ್ಮಿ ಎಷ್ಟು ದೂರ ತೂಗಿತೆಂದು ಅಳೆದು ವೇಗ ಲೆಕ್ಕ ಹಾಕುವುದು. ನಾನು ತರಬೇತಿಗೆ ಬರುವ ಮಕ್ಕಳಿಂದ ಇದನ್ನು ಮಾಡಿಸುತ್ತೇನೆ, ಏಕೆಂದರೆ ಪರದೆಯ ಮೇಲಿನ ಅಂಕಿಗಿಂತ ಇದು ಅವರ ಮನಸ್ಸಿನಲ್ಲಿ ಆಳವಾಗಿ ನಿಲ್ಲುತ್ತದೆ. ಸಣ್ಣ ಡಬ್ಬಿಯಲ್ಲಿ ಜೇಡಿಮಣ್ಣು ಒತ್ತಿ ತುಂಬಿ, ಒಟ್ಟು ತೂಕ ಸರಿಯಾಗಿ 200 ಗ್ರಾಂ ಮಾಡಿ, ಒಂದು ಮೀಟರ್ ಉದ್ದದ ನಾಲ್ಕು ದಾರಗಳಲ್ಲಿ ತಿರುಚಿಕೊಳ್ಳದಂತೆ ತೂಗುಹಾಕಿ. ನಳಿಗೆಯಿಂದ ಒಂದು ಮೀಟರ್ ದೂರವಿರಲಿ. ನಳಿಗೆಯ ಗಾಳಿಯೇ ಡಬ್ಬಿಯನ್ನು ತಳ್ಳದಂತೆ ನಡುವೆ ತೂತು ಕೊರೆದ ರಟ್ಟು ನಿಲ್ಲಿಸಿ. ಡಬ್ಬಿ ತಪ್ಪಿದರೆ ಪೆಲೆಟನ್ನು ಹಿಡಿಯಲು ಹಿಂದೆ ಭದ್ರವಾದ ತಡೆ ಇರಲಿ. 0.53 ಗ್ರಾಂ ಪೆಲೆಟ್ 176 ಮೀ/ಸೆ ವೇಗದಲ್ಲಿ ಮಣ್ಣು ಹೊಕ್ಕರೆ ಡಬ್ಬಿ ಸುಮಾರು 14.9 ಸೆಂಟಿಮೀಟರ್ ಹಿಂದಕ್ಕೆ ತೂಗುತ್ತದೆ; 168 ಆದರೆ 14.2 ಸೆಂಟಿಮೀಟರ್. ಡಬ್ಬಿಗೆ ತಾಗಿಕೊಂಡು ಜಾರುವ ಹಗುರವಾದ ಕಾಗದದ ಗುರುತು ಇಟ್ಟರೆ ಈ ಏಳು ಮಿ.ಮೀ. ವ್ಯತ್ಯಾಸ ಸಾಮಾನ್ಯ ಅಳತೆಪಟ್ಟಿಯಲ್ಲೇ ಸಿಗುತ್ತದೆ. ಮಣ್ಣಿನಲ್ಲಿ ಉಳಿದ ಪೆಲೆಟ್‌ಗಳ ತೂಕವನ್ನು ಪ್ರತಿ ಬಾರಿ ಸೇರಿಸಿಕೊಳ್ಳುವುದನ್ನು ಮರೆಯಬಾರದು. ಶೇಕಡಾ ಒಂದರ ಸೂಕ್ಷ್ಮಕ್ಕೆ ಈ ವಿಧಾನ ಸಾಲದು, ಆದರೆ ನಿಮ್ಮ 176 ಮತ್ತು 168ರ ನಡುವೆ ತೀರ್ಪು ಕೊಡಲು ಸಾಕು.

ಇನ್ನು ಐದು ಸುತ್ತಿನ ವಿಚಾರ. ಸರಾಸರಿ ತಿಳಿಯಲು ಐದು ಕೆಟ್ಟದ್ದಲ್ಲ. ಏರಿಳಿತ ತಿಳಿಯಲು ಐದು ಏನೇನೂ ಸಾಲದು. ಒಂದು ಸರಣಿಯ ಉದಾಹರಣೆ ಕೊಡುತ್ತೇನೆ: 173, 174, 172, 175, 173, 174, 176, 173, 172, 174. ಮೊದಲ ಐದರಲ್ಲೇ ನಿಲ್ಲಿಸಿದ್ದರೆ ಸರಾಸರಿ 173.4, ಗರಿಷ್ಠಕ್ಕೂ ಕನಿಷ್ಠಕ್ಕೂ ಅಂತರ 3. ಹತ್ತೂ ಸೇರಿದರೆ ಸರಾಸರಿ 173.6, ಅಂತರ 4, ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಚದುರಿವೆ ಎಂಬ ಅಳತೆ) 1.26. ಸರಾಸರಿ ಹೆಚ್ಚು ಕದಲಲಿಲ್ಲ, ಅಂತರ ಮಾತ್ರ ಬೆಳೆಯಿತು. ಸುತ್ತುಗಳು ಹೆಚ್ಚಿದಷ್ಟೂ ಅದು ಬೆಳೆಯುತ್ತಲೇ ಹೋಗುತ್ತದೆ, ಏಕೆಂದರೆ ಅಪರೂಪದ ವೇಗದ ಸುತ್ತೂ ಅಪರೂಪದ ನಿಧಾನದ ಸುತ್ತೂ ಬರಲು ಅವಕಾಶ ಹೆಚ್ಚುತ್ತದೆ. ಗಣಿತದ ಪ್ರಕಾರ ಈ ಅಂತರ ಐದು ಸುತ್ತಿನಲ್ಲಿ ಮಾನಕ ವಿಚಲನೆಯ ಸುಮಾರು 2.3 ಪಟ್ಟು, ಹತ್ತರಲ್ಲಿ 3.1 ಪಟ್ಟು, ಇಪ್ಪತ್ತರಲ್ಲಿ 3.7 ಪಟ್ಟು ಇರುತ್ತದೆ. ಆದ್ದರಿಂದ ಒಬ್ಬರ ಐದು ಸುತ್ತಿನ ಅಂತರವನ್ನು ಇನ್ನೊಬ್ಬರ ಇಪ್ಪತ್ತು ಸುತ್ತಿನ ಅಂತರದ ಜೊತೆ ಹೋಲಿಸುವುದು ಅನ್ಯಾಯ. ಮಾನಕ ವಿಚಲನೆಯನ್ನೂ ಅಳತೆ ಮೀರಿ ನಂಬಬಾರದು: ಐದು ಸುತ್ತಿನಿಂದ 1.0 ಎಂದು ಬಂದರೆ ನಿಜವಾದ ಬೆಲೆ 0.6ರಿಂದ 2.9ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹತ್ತು ಸುತ್ತಾದರೆ 0.7ರಿಂದ 1.8, ಮೂವತ್ತಾದರೆ 0.8ರಿಂದ 1.3. ಎರಡು ಡಬ್ಬಿ ಪೆಲೆಟ್‌ಗಳಲ್ಲಿ ಒಂದಕ್ಕೆ 0.9, ಇನ್ನೊಂದಕ್ಕೆ 1.4 ಬಂತೆಂದು, ಅದೂ ಐದೈದು ಸುತ್ತಿನಲ್ಲಿ, ಒಂದನ್ನು ಎಸೆದು ಇನ್ನೊಂದನ್ನು ಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಅಂಕಿಗಳು ಎರಡರ ನಡುವೆ ಯಾವ ಭೇದವನ್ನೂ ಸಾಬೀತು ಮಾಡಿರುವುದಿಲ್ಲ.

ನನ್ನ ಸಲಹೆ, ಹೋಲಿಸಬೇಕಾದಾಗ ಪ್ರತಿಯೊಂದಕ್ಕೂ ಕನಿಷ್ಠ ಇಪ್ಪತ್ತು ಸುತ್ತು, ಸಾಧ್ಯವಾದರೆ ಮೂವತ್ತು. ಒಂದು ಡಬ್ಬಿಯ ಐದು, ಇನ್ನೊಂದರ ಐದು ಎಂದು ಸರದಿಯಲ್ಲಿ ಹಾರಿಸಿ, ಬೆಳಕಿನ ಬದಲಾವಣೆ ಎರಡಕ್ಕೂ ಸಮನಾಗಿ ಹಂಚಿಹೋಗಲಿ. ಶುರುವಿನ ಒಂದೆರಡು ಸುತ್ತುಗಳನ್ನು ಬೇರೆಯಾಗಿ ಬರೆದಿಡಿ: ಒತ್ತಡ ನಿಯಂತ್ರಕವಿರುವ ರೈಫಲ್ ಬಹಳ ಹೊತ್ತು ಸುಮ್ಮನಿದ್ದಾಗ ನಿಯಂತ್ರಕದ ಮುಂದಿನ ಕೋಣೆಯಲ್ಲಿ ಒತ್ತಡ ನಿಧಾನವಾಗಿ ಏರಿಕೊಂಡು ಮೊದಲ ಸುತ್ತು ಉಳಿದವಕ್ಕಿಂತ ಜೋರಾಗಿ ಹೋಗುವುದುಂಟು. ಅದು ಪ್ರತಿದಿನವೂ ಎದ್ದು ಕಂಡರೆ ನಿಯಂತ್ರಕದ ಸೀಲು ಸವೆದಿದೆಯೇ ಎಂದು ತಯಾರಕರು ಹೇಳಿದ ಜಾಗದಲ್ಲಿ ತೋರಿಸಬೇಕು, ನೀವೇ ಬಿಚ್ಚಬಾರದು; ಒಳಗೆ ತುಂಬಿರುವ ಗಾಳಿ 200 ಬಾರ್‌ವರೆಗಿನ ಒತ್ತಡದ್ದು. ಸಿಲಿಂಡರ್ ತುಂಬಿದ ಕೂಡಲೇ ಅಳೆಯುವುದೂ ಬೇಡ, ತುಂಬುವಾಗ ಬಿಸಿಯಾದ ಗಾಳಿ ಆರಿ ಒತ್ತಡ ಒಂದು ಮಟ್ಟಕ್ಕೆ ಬರಲಿ. ಕಾರ್ಬನ್ ಡೈಆಕ್ಸೈಡ್ ತುಂಬುವ ಹಳೆಯ ರೈಫಲುಗಳಿಗೆ ಹೋಲಿಸಿದರೆ ನೀವು ನಿಶ್ಚಿಂತರು. ಆ ಅನಿಲದ ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ ಸುಮಾರು 72 ಬಾರ್. ಕಾರವಾರದ ಮೇ ತಿಂಗಳಲ್ಲಿ ಬೆಳಿಗ್ಗೆಯ ವೇಗವೂ ಮಧ್ಯಾಹ್ನದ ವೇಗವೂ ಒಂದೇ ಇರುವುದಿಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ, ಕರಾವಳಿಗೆ ಸ್ಪರ್ಧೆಗೆ ಇಳಿದಾಗ ಏನಾದರೂ ಬದಲಾಗುತ್ತದೆಯೇ ಎಂಬ ಚಿಂತೆ ಕೆಲವು ಪೋಷಕರಿಗಿದೆ. ಗಾಳಿಯ ಸಾಂದ್ರತೆಯಲ್ಲಿ ಶೇಕಡಾ ಆರರಷ್ಟು ವ್ಯತ್ಯಾಸ. 10 ಮೀಟರಿನಲ್ಲಿ ಅದರ ಪರಿಣಾಮವನ್ನು ಮರೆತುಬಿಡಬಹುದು.

ಪೆಲೆಟ್ ತೂಗುವ ವಿಚಾರದಲ್ಲಿ ನನ್ನ ಅಭಿಪ್ರಾಯ ತುಸು ಖಡಾಖಂಡಿತ: ತೂಗಿ, ಆದರೆ ಒಮ್ಮೆ ಮಾತ್ರ, ಡಬ್ಬಿಯನ್ನು ಪರೀಕ್ಷಿಸಲು. ಒಂದು ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ಮೂವತ್ತು ಪೆಲೆಟ್ ತೂಗಿ ನೋಡಿ. ತೂಕ ಶೇಕಡಾ ಎರಡು, ಎಂದರೆ 0.53 ಗ್ರಾಂನಲ್ಲಿ ಸುಮಾರು 10 ಮಿಲಿಗ್ರಾಂ ಹೆಚ್ಚಿದರೆ, ಶಕ್ತಿ ಅಷ್ಟೇ ಉಳಿಯುತ್ತದೆಂದು ಹಿಡಿದಾಗ ವೇಗ ಶೇಕಡಾ ಒಂದು, ಎಂದರೆ 1.75 ಮೀ/ಸೆ ಇಳಿಯುತ್ತದೆ. ಕಾಗದದ ಮೇಲೆ ಅದು ಸುಮಾರು 0.36 ಮಿ.ಮೀ. ದಶಾಂಶ ಅಂಕದ ಎಣಿಕೆಯಲ್ಲಿ 0.1 ಅಂಕಕ್ಕೆ 0.25 ಮಿ.ಮೀ. ಆಗುವುದರಿಂದ ಇದು ಒಂದು ಒಂದೂವರೆ ದಶಾಂಶದ ಮಾತು. ಒಳ್ಳೆಯ ಸ್ಪರ್ಧಾ ಪೆಲೆಟ್‌ಗಳ ಡಬ್ಬಿಯಲ್ಲಿ ತೂಕ ಇಷ್ಟು ಏರುಪೇರಾಗಬಾರದು. ಹಾಗೆ ಏರುಪೇರಾಗಿದ್ದರೆ ಆ ಡಬ್ಬಿಯನ್ನು ತೂಗಿ ತೂಗಿ ವಿಂಗಡಿಸುವುದಕ್ಕಿಂತ ಅಭ್ಯಾಸಕ್ಕೆ ಇಟ್ಟುಕೊಂಡು, ಸ್ಪರ್ಧೆಗೆ ಬೇರೆ ತಯಾರಿಕಾ ಸಂಖ್ಯೆಯ ಡಬ್ಬಿ ತರುವುದು ಲೇಸು. ತೂಕದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚು, ಪೆಲೆಟ್‌ನ ತಲೆಯ ಅಳತೆ ನಳಿಗೆಗೆ ಒಪ್ಪಬೇಕು, 4.49, 4.50, 4.51 ಮಿ.ಮೀ. ಎಂದು ಬರುವ ಡಬ್ಬಿಗಳಲ್ಲಿ ಯಾವುದು ನಿಮ್ಮ ರೈಫಲಿಗೆ ಹೊಂದುತ್ತದೆಂದು ಗುರಿಕಾಗದವೇ ಹೇಳಬೇಕು. ವೇಗ ಅತ್ಯಂತ ಸಮನಾಗಿರುವ ಪೆಲೆಟ್ಟೇ ಅತ್ಯಂತ ಸಣ್ಣ ಗುಂಪು ಕೊಡುತ್ತದೆಂಬ ಖಾತರಿಯಿಲ್ಲ.

ತಮ್ಮನವರು ಅಂಕಿಗಳಿಗೆ ಅಷ್ಟು ಮಹತ್ವ ಕೊಡುವುದಕ್ಕೂ ನಿಮಗೆ ಅಷ್ಟು ಬೇಡವಾಗುವುದಕ್ಕೂ ಕಾರಣ ದೂರವೇ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 600 ಮೀಟರ್ ದೂರದ ಗುರಿಗೆ ಹೋಗುವಷ್ಟರಲ್ಲಿ ನಾಲ್ಕು ಮೀಟರಿನಷ್ಟು ಇಳಿದಿರುತ್ತದೆ. ಅಲ್ಲಿ ವೇಗದ ಶೇಕಡಾ ಒಂದರ ಏರಿಳಿತ ಎಂದರೆ ಸುಮಾರು 8 ಸೆಂಟಿಮೀಟರ್ ಮೇಲೆ ಕೆಳಗೆ. ತುಂಬಿದ ಮದ್ದಿನ ಸಮಾನತೆ ಕೈಗೆ ಬಂದಿದೆಯೇ ಎಂದು ತಿಳಿಯಲು ಅವರಿಗೆ ಬೇರೆ ದಾರಿಯಿಲ್ಲ. ಇನ್ನೊಂದು ಉಪಯೋಗವೂ ಅವರಿಗಿದೆ: ಮದ್ದಿನ ತಯಾರಕರು ಪ್ರಕಟಿಸಿದ ಕೋಷ್ಟಕದಲ್ಲಿರುವ ವೇಗಕ್ಕಿಂತ ತಮ್ಮ ಕಾಡತೂಸಿನ ವೇಗ ಹೆಚ್ಚು ಬಂದರೆ, ಕೊಳವೆಯೊಳಗಿನ ಒತ್ತಡವೂ ಹೆಚ್ಚಾಗಿದೆಯೆಂದು ಭಾವಿಸಿ ಅವರು ಅಲ್ಲಿಗೇ ನಿಲ್ಲಿಸಬೇಕು. ಕ್ರೋನೋಗ್ರಾಫ್ ಒತ್ತಡವನ್ನು ಅಳೆಯುವುದಿಲ್ಲವಾದರೂ ಹೆಚ್ಚುವರಿ ವೇಗ ಎಲ್ಲಿಂದಲೋ ಪುಕ್ಕಟೆ ಬರುವುದಿಲ್ಲ.

ನಿಮಗೆ ಈ ಉಪಕರಣದಿಂದ ಇನ್ನೊಂದು ಲಾಭವಿದೆ, ಅದು ಕಾನೂನಿನದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಏರ್ ರೈಫಲಿಗೆ ಪರವಾನಗಿ ಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಗೆರೆ 20 ಜೌಲ್ ಶಕ್ತಿ ಮತ್ತು 4.5 ಮಿ.ಮೀ. ವ್ಯಾಸ. ತೂಕವನ್ನು ಕಿಲೋಗ್ರಾಂನಲ್ಲಿ ಬರೆದು, ವೇಗದ ವರ್ಗದಿಂದ ಗುಣಿಸಿ, ಅರ್ಧ ಮಾಡಿದರೆ ಜೌಲ್ ಸಿಗುತ್ತದೆ: 0.53 ಗ್ರಾಂ, 175 ಮೀ/ಸೆ ಎಂದರೆ ಸುಮಾರು 8.1 ಜೌಲ್. ಮಗಳ ರೈಫಲ್ ಗೆರೆಯಿಂದ ಬಹಳ ಕೆಳಗಿದೆ. ಹೆಚ್ಚು ಶಕ್ತಿಯ ಬೇರೆ ರೈಫಲನ್ನು ಯಾರಾದರೂ ಪರೀಕ್ಷಿಸಲು ತಂದರೆ ಹಗುರವಾದ ಪೆಲೆಟ್ ಒಂದರಲ್ಲೇ ಅಳೆದು ಮುಗಿಸಬೇಡಿ. ಗಾಳಿ ತುಂಬುವ ರೈಫಲುಗಳಲ್ಲಿ ಭಾರವಾದ ಪೆಲೆಟ್ ನಿಧಾನವಾಗಿ ಹೋದರೂ ಹೆಚ್ಚು ಶಕ್ತಿ ಹೊತ್ತೊಯ್ಯುವುದು ಸಾಮಾನ್ಯ. 0.53 ಗ್ರಾಂ ಪೆಲೆಟ್ 20 ಜೌಲ್ ಮುಟ್ಟುವುದು ಸುಮಾರು 275 ಮೀ/ಸೆ ವೇಗದಲ್ಲಿ, 0.68 ಗ್ರಾಂನದು ಸುಮಾರು 243ರಲ್ಲೇ.

ಮಳೆಗಾಲದಲ್ಲಿ ಅಳತೆಯಿಲ್ಲದ ದಿನಗಳಲ್ಲಿ ಉಪಕರಣದ ಬ್ಯಾಟರಿ ತೆಗೆದು, ಸೆನ್ಸರಿನ ಗಾಜನ್ನು ಒಣಗಿದ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಗಾಜಿನ ಮೇಲೆ ತೆಳ್ಳನೆಯ ಬೂಷ್ಟು ಕೂತರೆ ಎರಡು ಸೆನ್ಸರ್‌ಗಳು ಬೇರೆ ಬೇರೆಯಾಗಿ ಮಂಕಾಗುತ್ತವೆ. ಮತ್ತೆ ತೆಗೆದಾಗ ಹೊಸ ಬ್ಯಾಟರಿ ಹಾಕಿ, ಮೊದಲು ಒಂದು ಮೀಟರಿನ ಹಗ್ಗ ಹಿಡಿದು ದೂರ ನೋಡಿ, ಹತ್ತು ಸುತ್ತು ಹಾರಿಸಿ, ಪುಸ್ತಕದ ಹಳೆಯ ಸರಾಸರಿಯ ಜೊತೆಗೂ ಗುರಿಕಾಗದದ ಎತ್ತರದ ಜೊತೆಗೂ ತಾಳೆ ನೋಡಿದ ಮೇಲೆ ಹೊಸ ಅಳತೆಗಳನ್ನು ಬರೆಯಲು ಶುರುಮಾಡಿ.